ದಿನಕ್ಕೊಂದೇ ದಿಕ್ಕು

ದಸರಾ, ದೀಪಾವಳಿ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕಾರಿಗೆ ಹತ್ತಿಸಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿ ರಸ್ತೆ ಹಿಡಿಯುವವರಿಗೆ ನಾನು ಹೇಳುವುದು ಒಂದೇ ಮಾತು. ದಿನಕ್ಕೊಂದೇ ದಿಕ್ಕಿಗೆ ಹೋಗಿ, ಹೊತ್ತು ಮುಳುಗುವ ಮುಂಚೆ ಒಳರಸ್ತೆ ಬಿಟ್ಟು ದೊಡ್ಡ ರಸ್ತೆಗೆ ಬನ್ನಿ. ಆಶ್ವಯುಜ, ಕಾರ್ತೀಕ ಮಾಸಗಳಲ್ಲಿ ಈ ರಸ್ತೆಗಳಲ್ಲಿ ಓಡಾಡಿ ನನ್ನಲ್ಲಿ ಗಟ್ಟಿಯಾದ ಮಾತಿದು. ಹೇಳಿದಾಗಲೆಲ್ಲ ನೆಂಟರು, ಸ್ನೇಹಿತರು ಇದು ಅತಿಯಾಯಿತು ಎಂದೇ ಅಂದಿದ್ದಾರೆ. ಹಿತ್ತಲಿನಂತಿರುವ ಊರುಗಳನ್ನು ನೋಡಲು ಇಷ್ಟೊಂದು ಕಟ್ಟುಪಾಡು ಯಾಕೆ ಎಂಬುದು ಅವರ ಪ್ರಶ್ನೆ. ಅತಿಯಲ್ಲ ಎಂದು ಕಾರಣ ಕೊಟ್ಟು ತೋರಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೆಲದ ವಿಚಾರ. ನಾಲ್ಕೂ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿವೆ ಎಂಬ ಕಾರಣಕ್ಕೆ ಜನ ಅವನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದು ಅಂದುಕೊಳ್ಳುತ್ತಾರೆ. ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಗಡಿಗೆರೆ ಬದಲಾದರೂ ಮಳೆ ಬದಲಾಗಲಿಲ್ಲ, ಮಣ್ಣೂ ಬದಲಾಗಲಿಲ್ಲ. ಚನ್ನಗಿರಿ ಕಡೆ ಈ ತಿಂಗಳುಗಳಲ್ಲಿ ಅಡಿಕೆ ಕೊಯ್ಲು. ಸುಲಿಯುವ ಮನೆಗಳ ಮುಂದೆ ಹಂಡೆ ಕುದಿಯುತ್ತಿರುತ್ತದೆ, ಚೊಗರಿನ ವಾಸನೆ ರಸ್ತೆವರೆಗೂ ಬರುತ್ತದೆ, ಖೇಣಿ ಹಿಡಿದವರ ಕಣದಲ್ಲಿ ಬೇಯಿಸಿದ ಅಡಿಕೆ ಕೆಂಪಗೆ ಹರವಿರುತ್ತದೆ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ನ್ಯಾಮತಿಗೆ ಮಲೆನಾಡಿನ ಅಂಚಿನ ಗುಡ್ಡಗಳಿವೆ, ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಯಿದೆ. ಜಗಳೂರು ಜಿಲ್ಲೆಯಲ್ಲೇ ಮಳೆ ಕಡಿಮೆಯ ತಾಲ್ಲೂಕು. ಶೇಂಗಾ, ಈರುಳ್ಳಿ, ಹತ್ತಿ ಹೊಲಗಳ ನಡುವೆ ಕುರುಚಲು ಗುಡ್ಡಗಳು. ನ್ಯಾಮತಿಯಿಂದ ಜಗಳೂರಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಅದನ್ನು ಒಂದೇ ದಿನದಲ್ಲಿ ಸುತ್ತಿ ಬಂದವರಿಗೆ ಊರಿನ ಹೆಸರುಗಳು ನೆನಪಿರುತ್ತವೆ, ಆ ಊರುಗಳು ಒಂದಕ್ಕಿಂತ ಒಂದು ಹೇಗೆ ಬೇರೆ ಎಂಬುದು ತಿಳಿದಿರುವುದಿಲ್ಲ.

ಎರಡನೆಯದು ರಸ್ತೆಯ ವಿಚಾರ, ನನ್ನ ಮಾತಿಗೆ ಆಧಾರವೂ ಅದೇ. ದಾವಣಗೆರೆ ಮೆಕ್ಕೆಜೋಳಕ್ಕೆ ಹೆಸರಾದ ಜಿಲ್ಲೆ. ಮುಂಗಾರಿನಲ್ಲಿ ಬಿತ್ತಿದ್ದು ದಸರಾ, ದೀಪಾವಳಿ ಹೊತ್ತಿಗೆ ಮುರಿಯಲು ಬರುತ್ತದೆ. ಕಾಳಿನಲ್ಲಿ ತೇವ ಶೇಕಡಾ 14ರ ಆಸುಪಾಸಿಗೆ ಇಳಿಯದಿದ್ದರೆ ಮಂಡಿಯಲ್ಲಿ ದರ ಮುರಿಯುತ್ತಾರೆ. ಆದರೆ ಅದೇ ಹೊತ್ತಿಗೆ ಹಿಂಗಾರು ಮಳೆ ಎರಗುತ್ತದೆ, ಎರಡು ದಿನ ಮೋಡ ಕವಿದರೆ ರಾಶಿ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ. ಹಿಂದೆ ಪ್ರತಿ ಮನೆತನಕ್ಕೂ ಸಗಣಿ ಸಾರಿಸಿದ ಒಂದು ಕಣವಿತ್ತು. ಹೊಲ ಪಾಲಾದಂತೆ ಕಣದ ಜಾಗಕ್ಕೂ ಬಿತ್ತನೆ ಬಂತು, ದನ ಕಡಿಮೆಯಾದಂತೆ ಸಗಣಿಯೂ ಇಲ್ಲವಾಯಿತು. ಬಿಸಿಲು ಹೀರಿ ಬೇಗ ಕಾಯುವ, ಮಣ್ಣು ಮೆತ್ತದ, ಬಾಡಿಗೆ ಕೇಳದ ಜಾಗವೆಂದರೆ ಊರ ಮುಂದಿನ ಡಾಂಬರು ರಸ್ತೆ. ಹೀಗಾಗಿ ಈ ಎರಡು ತಿಂಗಳು ಒಳರಸ್ತೆಯ ಅರ್ಧ ಭಾಗ ರೈತರ ಕಣವಾಗಿರುತ್ತದೆ. ಕಾಳು ಹರವುತ್ತಾರೆ, ಕಾಲಲ್ಲಿ ಸಾಲು ಎಳೆದು ತಿರುವುತ್ತಾರೆ, ವಾಹನ ಮೇಲೆ ಹತ್ತದಿರಲಿ ಎಂದು ಅಂಚಿಗೆ ಕಲ್ಲಿಡುತ್ತಾರೆ, ಸಂಜೆಗೆ ರಾಶಿ ಮಾಡಿ ತಾಡಪಾಲು ಮುಚ್ಚುತ್ತಾರೆ. ಹಗಲು ಹತ್ತು ಗಂಟೆಯಿಂದ ನಾಲ್ಕರವರೆಗೆ ಇದು ನೋಡಲು ಚಂದ, ದಾಟಲೂ ತೊಂದರೆಯಿಲ್ಲ. ನಿಧಾನಕ್ಕೆ ಹೋದರೆ ಮಕ್ಕಳಿಗೆ ಒಂದು ಬೆಳೆ ಹೊಲದಿಂದ ಚೀಲಕ್ಕೆ ಬರುವ ದಾರಿಯೆಲ್ಲ ಕಣ್ಣೆದುರೇ ಸಿಗುತ್ತದೆ.

ಕೆಟ್ಟ ಹೊತ್ತೆಂದರೆ ಸಂಜೆ ಐದೂವರೆಯಿಂದ ಏಳು. ಈ ತಿಂಗಳುಗಳಲ್ಲಿ ಸೂರ್ಯ ಆರರ ಆಸುಪಾಸಿಗೇ ಮುಳುಗುತ್ತಾನೆ, ಪಡುವಣಕ್ಕೆ ಹೊರಟ ಚಾಲಕನಿಗೆ ಅದಕ್ಕೂ ಮುಂಚಿನ ಅರ್ಧ ಗಂಟೆ ಕಣ್ಣಿಗೆ ನೇರ ಬಿಸಿಲು. ಹೊಲದಿಂದ ಆಳುಗಳನ್ನು ಹತ್ತಿಸಿಕೊಂಡ ಟ್ರ್ಯಾಕ್ಟರುಗಳು ಆಗಲೇ ಊರಿಗೆ ತಿರುಗುತ್ತವೆ, ಎಷ್ಟೋ ಟ್ರೇಲರುಗಳಿಗೆ ಹಿಂದಿನ ದೀಪವಿರುವುದಿಲ್ಲ. ದನ, ಕುರಿ ಹಟ್ಟಿಗೆ ಮರಳುವುದೂ ಆಗಲೇ. ರೈತರು ಕಾಳು ಬಳಿದು ರಾಶಿ ಹಾಕಿ ಮೇಲೆ ಕಪ್ಪು ತಾಡಪಾಲು ಹೊದಿಸಿ, ಗಾಳಿಗೆ ಹಾರದಿರಲೆಂದು ಸುತ್ತ ಗುಂಡುಕಲ್ಲು ಹೇರಿರುತ್ತಾರೆ. ಕಪ್ಪು ರಸ್ತೆಯ ಮೇಲಿನ ಆ ಕಪ್ಪು ರಾಶಿ ಕಾರಿನ ದೀಪಕ್ಕೆ ಕಾಣುವಷ್ಟರಲ್ಲಿ ತೀರ ಹತ್ತಿರ ಬಂದಿರುತ್ತದೆ. ಎದುರಿನಿಂದ ಬರುವ ಬೈಕಿನವನು ಅದನ್ನೇ ತಪ್ಪಿಸಲು ನಿಮ್ಮ ಕಡೆಗೆ ವಾಲುತ್ತಾನೆ. ನೀವು ಎಡಕ್ಕೆ ಸರಿದರೆ ಉದುರಿದ ಕಾಳಿನ ಮೇಲೆ ಚಕ್ರ ಜಾರುತ್ತದೆ, ಇನ್ನೂ ಸರಿದರೆ ಕಲ್ಲು, ಅದರಾಚೆ ಚಾನಲ್ಲು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಗೆ ಜಾರಿರುತ್ತಾರೆ, ವಯಸ್ಸಾದವರು ಸಾವರಿಸಿಕೊಳ್ಳಲು ಕೈಗೆ ಹಿಡಿಕೆ ಹುಡುಕುತ್ತಿರುತ್ತಾರೆ, ಫೋನಿಗೆ ಸಿಗ್ನಲ್ ಹೋಗಿ ನಕ್ಷೆ ನಿಂತಲ್ಲೇ ನಿಂತಿರುತ್ತದೆ. ದೀಪಾವಳಿಯ ನಂತರವಾದರೆ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ಮುಗಿಸಿ ಬರುವ ಜನ, ಹೋರಿಗಳು, ಗಾಡಿಗಳೂ ಇದೇ ಹೊತ್ತಿಗೆ ಇದೇ ರಸ್ತೆಗೆ ಇಳಿಯುತ್ತವೆ. ಇಲ್ಲಿ ಚಾಲಕನ ಜಾಣತನ ಬಹಳ ಕೆಲಸಕ್ಕೆ ಬರುವುದಿಲ್ಲ. ಬೆಳಗ್ಗೆ ಯೋಜನೆ ಹಾಕುವಾಗಲೇ ಈ ಒಂದೂವರೆ ಗಂಟೆಯನ್ನು ಕೈಬಿಡುವುದೊಂದೇ ಉಪಾಯ.

ರಸ್ತೆ ವಾಹನಕ್ಕಾಗಿ ಇರುವುದು, ಒಕ್ಕಣೆಗಲ್ಲ. ರೈತರು ಮಾಡುವುದೇ ತಪ್ಪು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ರಸ್ತೆ ಮೇಲಿನ ರಾಶಿಗೆ ಬಡಿದು ಜೀವ ಹೋದವರಿದ್ದಾರೆ, ಅವರಲ್ಲಿ ಊರಿನ ಬೈಕ್ ಸವಾರರೂ ಸೇರಿದ್ದಾರೆ. ಆದರೆ ಇದಕ್ಕೆ ಪರಿಹಾರ ಪ್ರತಿ ದೊಡ್ಡ ಊರಿಗೂ ಒಂದು ಸಾರ್ವಜನಿಕ ಒಕ್ಕಲು ಕಣ ಕಟ್ಟಿಸುವುದು. ರಸ್ತೆಯಲ್ಲಿ ಒಣಗಿಸಬಾರದು ಎಂದು ಪ್ರತಿ ವರ್ಷ ಪ್ರಕಟಣೆ ಹೊರಡಿಸುವ ಅಧಿಕಾರಿಗಳು ಹಾಗಾದರೆ ಎಲ್ಲಿ ಒಣಗಿಸಬೇಕು ಎಂಬುದನ್ನು ಹೇಳುವುದಿಲ್ಲ. ಆ ಕೆಲಸ ಆಗುವವರೆಗೆ, ವಾರದ ರಜೆಗೆ ಬಂದ ನಾವು ಆರು ತಿಂಗಳ ದುಡಿಮೆಯನ್ನು ಟಾರಿನ ಮೇಲೆ ಹರವಿ ಕಾಯುತ್ತಿರುವವರ ಮೇಲೆ ಹಾರನ್ ಬಾರಿಸುವುದು ನ್ಯಾಯವಲ್ಲ. ಹೊತ್ತು ಹೊಂದಿಸಿಕೊಳ್ಳುವುದು ನಮಗೆ ಸುಲಭ, ಅವರಿಗೆ ಸಾಧ್ಯವೇ ಇಲ್ಲ.

ಇನ್ನೊಂದು ಆಕ್ಷೇಪ, ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು: ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ ಇರುವುದೇ ಎರಡು ದಿನ, ಒಂದೇ ಕಡೆ ನೋಡಿದರೆ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ಪ್ರತಿ ಮನೆಯಲ್ಲೂ ಪಟ್ಟಿ ಹಿಡಿದ ಒಬ್ಬರು ಚಿಕ್ಕಪ್ಪನೋ ಭಾವನೋ ಇರುತ್ತಾರೆ. "ಬಂದಿದ್ದು ಬಂದೀವಿ, ಅದೊಂದನ್ನೂ ನೋಡ್ಕಂಡ್ ಹೋಗಾಣ" ಎಂಬ ಅವರ ಒಂದು ಮಾತೇ ಕಾರನ್ನು ಕತ್ತಲ ರಸ್ತೆಗೆ ತಂದು ನಿಲ್ಲಿಸುವುದು. ಲೆಕ್ಕ ಹಾಕಿ ನೋಡಿದರೆ ಅವರ ವಾದ ನಿಲ್ಲುವುದಿಲ್ಲ. ಚನ್ನಗಿರಿ ದಿಕ್ಕೊಂದನ್ನೇ ತೆಗೆದುಕೊಳ್ಳಿ. ಸಂತೆಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವಿನ ವಸಂತ ಮಂಟಪ, ದಂಡೆಯಲ್ಲಿ ಮುಸಾಫಿರಖಾನೆ. ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಅವನು ತೀರಿಕೊಂಡದ್ದು 1664ರಲ್ಲಿ. ಆಮೇಲೆ ಶಾಂತಿಸಾಗರ, ಊರವರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾವತಿ ಹಳ್ಳವನ್ನು ತಡೆದ ಆ ಹಳೆಯ ಜಾಣ್ಮೆಯನ್ನು ನಿಂತು ನೋಡಿದರಷ್ಟೇ ಅರ್ಥವಾಗುತ್ತದೆ: ಅಷ್ಟು ಚಿಕ್ಕ ಏರಿ, ಅಷ್ಟು ದೊಡ್ಡ ಕೆರೆ. ಅದರ ನೀರು ಇವತ್ತಿಗೂ ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಇಷ್ಟಕ್ಕೇ ಒಂದು ಹಗಲು ಸಾಲದು. ಜಗಳೂರಿನದಂತೂ ಬೇರೆಯೇ ಹದ. ರಂಗಯ್ಯನದುರ್ಗದ ಸುತ್ತಲಿನ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮ ಮಾಡಿದರು. ಗಂಡಿಗೆ ನಾಲ್ಕು ಕೊಂಬಿರುವ, ಸದ್ದು ಕೇಳಿದರೆ ಹುಲ್ಲಿನಲ್ಲಿ ಅಡಗುವ ಆ ಪ್ರಾಣಿ ಮಧ್ಯಾಹ್ನ ಹಾಡು ಹಾಕಿಕೊಂಡು ಬಂದ ಕಾರಿಗೆ ಕಾಣಿಸಿಕೊಳ್ಳುವುದಿಲ್ಲ. ಅದಕ್ಕೆ ಬೆಳಗ್ಗೆಯೇ ಬರಬೇಕು, ಅರಣ್ಯ ಇಲಾಖೆಯ ಅನುಮತಿ ಕೇಳಿರಬೇಕು, ಕಾಣದಿದ್ದರೂ ಬೇಸರಪಡದ ಮನಸ್ಸಿರಬೇಕು. ಜಗಳೂರಿನ ಕೆರೆಗಳೂ ನೋಡತಕ್ಕವೇ. ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳಿಗೆ ತುಂಬಿಸುವ ಯೋಜನೆಯಿಂದ ಬರದ ನಾಡೆಂದು ಹೆಸರಾದ ಕಡೆ ನೀರು ನಿಂತದ್ದನ್ನು ಕಂಡಾಗ, ಒಂದು ಕೆರೆ ಊರಿಗೆ ಏನಾಗಿರುತ್ತದೆ ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ನೀರೆಂದರೆ ಚಂದದ ಜೊತೆಗೆ ಅಪಾಯವೂ ಈ ತಿಂಗಳಲ್ಲೇ ಹೆಚ್ಚು. ಕೆರೆ, ಹೊಳೆ ತುಂಬಿರುತ್ತವೆ. ಚನ್ನಗಿರಿ ಕಡೆಯ ಭದ್ರಾ ಚಾನಲ್ಲು, ಹೊನ್ನಾಳಿ ಕಡೆಯ ತುಂಗಾ ಚಾನಲ್ಲು ಬೆಳೆಗೆ ಬಿಟ್ಟ ನೀರಿನಿಂದ ಹರಿಯುತ್ತಿರುತ್ತವೆ. ಜನ ಹೊಳೆಗೆ ಹೆದರುತ್ತಾರೆ, ಚಾನಲ್ಲಿಗೆ ಹೆದರುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಚಾನಲ್ಲಿಗೆ. ಕಾಂಕ್ರೀಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಮೇಲೆ ಸಾವಧಾನವಾಗಿ ಕಾಣುವ ನೀರಿಗೆ ಒಳಗೆ ಸೆಳೆತವಿರುತ್ತದೆ, ಬಿದ್ದವರಿಗೆ ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲ. ಊಟವಾದ ಮೇಲೆ ಕೈ ತೊಳೆಯಲು ಮಕ್ಕಳನ್ನು ಅಲ್ಲಿಗೆ ಬಿಡಬೇಡಿ. ಆತುರದಲ್ಲಿರುವ ಮನೆಮಂದಿಗೆ ಮಕ್ಕಳ ಮೇಲೆ ಒಂದು ಕಣ್ಣಿಡಲೂ ಪುರುಸೊತ್ತಿರುವುದಿಲ್ಲ ಎಂಬುದು ನನ್ನ ವಾದಕ್ಕೆ ಮತ್ತೊಂದು ಬಲ.

ಹಳ್ಳಿಗಳಲ್ಲಿ ಹೋಟೆಲಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, ಹೀಗಿರುವಾಗ ನಿಂತು ನಿಂತು ಹೋಗುವುದು ಹೇಗೆ ಎಂದು ಕೇಳುವವರಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಸ್ವಾಗತ ಕಮಾನಿಗೆ ಹಣ ಒದಗಿಸುವವರು ಅದರ ಪಕ್ಕದಲ್ಲಿ ನೀರಿರುವ ಒಂದು ಶೌಚಾಲಯ ಕಟ್ಟಿ ಬೀಗ ತೆಗೆದಿಡಲು ಯಾಕೆ ಆಗುವುದಿಲ್ಲ ಎಂಬ ಸಿಟ್ಟು ನನಗೂ ಇದೆ. ಅದಾಗುವ ತನಕ ತಾಲ್ಲೂಕು ಕೇಂದ್ರ ಬಿಡುವ ಮುಂಚೆ ಆ ಅಗತ್ಯ ಮುಗಿಸಿಕೊಳ್ಳುವುದು, ಮಧ್ಯಾಹ್ನಕ್ಕೆ ಮತ್ತೆ ಅಲ್ಲಿಗೆ ಬರುವಂತೆ ದಾರಿ ಹಾಕಿಕೊಳ್ಳುವುದು ಒಳ್ಳೆಯದು. ಇದು ಕೂಡ ಒಂದೇ ದಿಕ್ಕಿಗೆ ಹೋದವರಿಗೆ ಸಾಧ್ಯ, ನಾಲ್ಕು ಊರು ಮುಟ್ಟಹೊರಟವರಿಗಲ್ಲ.

ಉಳಿದವು ಸಣ್ಣ ಮಾತುಗಳು. ಬುತ್ತಿ ಕಟ್ಟಿಕೊಳ್ಳಿ, ರೊಟ್ಟಿ, ಶೇಂಗಾ ಚಟ್ನಿ, ಬುತ್ತಿಯನ್ನ ಸಂಜೆವರೆಗೂ ಕೆಡುವುದಿಲ್ಲ. ಹರವಿದ ಕಾಳಿನ ಮೇಲೆ ಚಕ್ರ ಹತ್ತಿಸಬೇಡಿ, ಕಣದಲ್ಲಿ ಫೋಟೊ ತೆಗೆಯುವ ಮುಂಚೆ ಅಲ್ಲಿರುವ ಅಜ್ಜನನ್ನೋ ಅಕ್ಕನನ್ನೋ ಒಂದು ಮಾತು ಕೇಳಿ. ಕಾರ್ತೀಕ ಕಳೆದ ಮೇಲೆ ಹೋಗುವವರು ರಸ್ತೆಗೆ ಹಾಸಿದ ಹುರುಳಿ ಸೊಪ್ಪು, ರಾಗಿ ಹುಲ್ಲಿನ ಮೇಲೆ ಕಾರು ಓಡಿಸಲೇಬಾರದು. ಅದು ಅಡಿಯಲ್ಲಿ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತಿ ಕಾರು ಸುಟ್ಟ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಆಗಿವೆ. ಸಂಜೆ ನಾಲ್ಕೂವರೆಗೆ ಎಲ್ಲಿದ್ದರೂ ಕಾರು ತಿರುಗಿಸಿ, ಪಟ್ಟಿ ಹಿಡಿದವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನೋಡದೆ ಉಳಿದ ಊರು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮನೆಮಂದಿ ಕ್ಷೇಮವಾಗಿ ಮರಳಿದ್ದರೆ ಅದನ್ನು ನೋಡಲು ಇನ್ನೊಂದು ರಜೆ ಸಿಕ್ಕೇ ಸಿಗುತ್ತದೆ.