ಕನ್ನಡಕ ಹಾಕಿದರೆ ಕಣ್ಣು ಕೆಡುತ್ತದೆಯೇ?

ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತದೆ. ಕಪ್ಪುಹಲಗೆಯ ಅಕ್ಷರಗಳನ್ನು ತಪ್ಪಾಗಿ ಬರೆದುಕೊಳ್ಳುತ್ತದೆ. ಜ್ಞಾನೋಪದೇಶದ ತರಗತಿಯಲ್ಲಿ ಎರಡು ಸಾಲು ಓದಿ ತಲೆನೋವು ಎನ್ನುತ್ತದೆ. “ಓದಲು ಸೋಮಾರಿತನ” ಎಂದು ನಾವು ಗದರಿಬಿಡುತ್ತೇವೆ. ಸೋಮಾರಿತನ ಮಗುವಿನದಲ್ಲ, ಕಣ್ಣಿನದಿರಬಹುದು ಎಂದು ಎಷ್ಟು ಮಂದಿ ತಂದೆತಾಯಂದಿರು ಯೋಚಿಸುತ್ತೇವೆ?

ಬಾಗೂರಿನಂತಹ ನಮ್ಮ ಊರುಗಳಲ್ಲಿ ಕಣ್ಣಿನ ಬಗ್ಗೆ ಕೇಳಿಬರುವ ಕೆಲವು ಮಾತುಗಳನ್ನು ಪರಿಶೀಲಿಸೋಣ.

“ಕನ್ನಡಕ ಹಾಕಿದರೆ ನಂಬರ್ ಏರುತ್ತದೆ.” ಇದು ತಪ್ಪು. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆಯುವುದರಿಂದ ನಂಬರ್ ಬದಲಾಗುತ್ತದೆ; ಅದಕ್ಕೆ ಕನ್ನಡಕ ಕಾರಣವಲ್ಲ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಗಂಡು ಸಿಗದೆಂದು ಹಿಂಜರಿಯುವುದು ಆಕೆಗೆ ಮಾಡುವ ಅನ್ಯಾಯ.

“ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದರೆ ತಾನೇ ಸರಿಹೋಗುತ್ತದೆ.” ಎಳೆಗೂಸಿನ ಕಣ್ಣುಗಳು ಆಗೊಮ್ಮೆ ಈಗೊಮ್ಮೆ ಓರೆಯಾಗುವುದುಂಟು. ಆದರೆ ನಾಲ್ಕು ತಿಂಗಳ ನಂತರವೂ ಮೆಳ್ಳೆ ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

“ಕ್ಯಾರೆಟ್ ತಿಂದರೆ ಕನ್ನಡಕ ಬೇಡ.” ಕ್ಯಾರೆಟ್, ನುಗ್ಗೆಸೊಪ್ಪು, ಪರಂಗಿಹಣ್ಣುಗಳಿಂದ ದೊರೆಯುವ ‘ಎ’ ಜೀವಸತ್ವ ಇರುಳುಗುರುಡನ್ನು ತಡೆಯುತ್ತದೆ, ನಂಬರನ್ನು ಹೋಗಲಾಡಿಸದು. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲನ್ನು ಕಣ್ಣಿಗೆ ಬಿಟ್ಟರೆ ಸೋಂಕು ತಗಲಬಹುದು.

ಇವೆಲ್ಲಕ್ಕಿಂತ ಗಂಭೀರವಾದದ್ದು ‘ಸೋಮಾರಿ ಕಣ್ಣು.’ ಕಾಲುವೆಯ ತೂಬನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ ಹೂಳು ತುಂಬುವುದನ್ನು ಹೇಮಾವತಿಯ ನೀರನ್ನು ನಂಬಿದ ನಾವು ಬಲ್ಲೆವು. ಹಾಗೆಯೇ ಒಂದು ಕಣ್ಣು ಮೆಳ್ಳೆಯಾಗಿದ್ದರೆ ಅಥವಾ ಅದರ ನಂಬರ್ ಹೆಚ್ಚಿದ್ದರೆ ಮಿದುಳು ಆ ಕಣ್ಣಿನ ಚಿತ್ರವನ್ನು ಕೈಬಿಟ್ಟು ಇನ್ನೊಂದರಿಂದಲೇ ನೋಡಲು ಕಲಿಯುತ್ತದೆ. ಒಳ್ಳೆಯ ಕಣ್ಣು ಕೆಲಸ ಮಾಡುತ್ತಿರುವುದರಿಂದ ಮಗು ದೂರುವುದೇ ಇಲ್ಲ.

ಊರೂರು ಸುತ್ತಿ ನೇತ್ರ ಶಿಬಿರ ನಡೆಸಿದ ಡಾ. ಎಂ.ಸಿ. ಮೋದಿಯವರನ್ನು (ನಿಧನ 2005) ನಮ್ಮ ಹಿರಿಯರು ಮರೆತಿಲ್ಲ. ಅಜ್ಜಿಯ ಪೊರೆಯನ್ನು ಎಪ್ಪತ್ತರಲ್ಲಿ ತೆಗೆದರೂ ದೃಷ್ಟಿ ಮರಳಬಹುದು. ಮೊಮ್ಮಗನ ಸೋಮಾರಿ ಕಣ್ಣು ಹಾಗಲ್ಲ. ಏಳು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಹೆಚ್ಚು, ತಡವಾದಷ್ಟೂ ಕಡಿಮೆ.

ಚಿಕಿತ್ಸೆ ಸರಳ. ಮೊದಲು ಸರಿಯಾದ ಕನ್ನಡಕ. ಬಳಿಕ ಅಗತ್ಯವಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ದುರ್ಬಲ ಕಣ್ಣಿಗೆ ಕೆಲಸ ಕೊಡುವುದು. ಮಧ್ಯಮ ಪ್ರಮಾಣದ ತೊಂದರೆಗೆ ದಿನಕ್ಕೆ 2 ಗಂಟೆಯ ಪಟ್ಟಿಯೂ 6 ಗಂಟೆಯಷ್ಟೇ ಫಲ ಕೊಡುತ್ತದೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ದೃಷ್ಟಿ ವ್ಯಾಯಾಮಕ್ಕೂ ತನ್ನದೇ ಸ್ಥಾನವಿದೆ. ಹತ್ತಿರದ ಅಕ್ಷರಗಳ ಮೇಲೆ ಎರಡೂ ಕಣ್ಣುಗಳನ್ನು ಒಟ್ಟಿಗೆ ನಿಲ್ಲಿಸಲಾಗದ 221 ಮಕ್ಕಳ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ತಜ್ಞರ ಬಳಿ 12 ವಾರ ತರಬೇತಿ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಗುಣ ಕಂಡರು. ಆದರೆ ಇಂತಹ ತರಬೇತಿಯಿಂದ ಓದಿನ ಗ್ರಹಿಕೆ ವಿಶೇಷವಾಗಿ ಹೆಚ್ಚಲಿಲ್ಲವೆಂದು 2019ರ ಅಧ್ಯಯನ ತಿಳಿಸಿತು. ಆದ್ದರಿಂದ ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ, ಪೊರೆ ಕರಗಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಪ್ರಿಯ ತಂದೆತಾಯಂದಿರೇ, ಇಂದೇ ಒಂದು ಸಣ್ಣ ಪರೀಕ್ಷೆ ಮಾಡಿ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿ. ಬಳಿಕ ಇನ್ನೊಂದನ್ನು ಮುಚ್ಚಿ ಓದಿಸಿ. ಓದು ಬಾರದ ಕೂಸಾದರೆ, ಒಂದು ಕಣ್ಣು ಮುಚ್ಚಿದಾಗ ಮಾತ್ರ ಅಳುತ್ತದೆಯೇ, ಕೈ ತಳ್ಳುತ್ತದೆಯೇ ಗಮನಿಸಿ. ವ್ಯತ್ಯಾಸ ಕಂಡರೆ ಚನ್ನರಾಯಪಟ್ಟಣ ಅಥವಾ ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರ ತಪಾಸಣೆ ಮಾಡಿಸಿ. ವ್ಯತ್ಯಾಸ ಕಾಣದಿದ್ದರೂ ಶಾಲೆಗೆ ಸೇರಿಸುವ ಮುನ್ನ ಒಮ್ಮೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದಾಗ ಮಗುವನ್ನು ತಪ್ಪಿಸಬೇಡಿ.

ಕಣ್ಣು ದೇವರಿತ್ತ ದೀಪ. ಮಗುವಿನ ಎರಡು ದೀಪಗಳಲ್ಲಿ ಒಂದು ಸದ್ದಿಲ್ಲದೆ ಆರಿಹೋಗದಂತೆ ಕಾಯುವುದು ನಮ್ಮ ಹೊಣೆ.