ಬೀಗದ ಕೈ ಕೊಟ್ಟು ಬೆಂಗಳೂರಿಗೆ ಹೋಗಬೇಡ

ಹೋಂಸ್ಟೇ ಮಾಡ್ತೀಯಂತೆ. ಒಳ್ಳೇದು ಕಣೋ. ಕೊಣನೂರಿನ ತೋಟದ ಮನೆ ಬೀಗ ಹಾಕಿಸಿಕೊಂಡು ಗೆದ್ದಲು ಹಿಡಿಯೋದಕ್ಕಿಂತ ನಾಲ್ಕು ಜನ ಉಂಡು ಮಲಗಲಿ. ಆದರೆ ಬಣ್ಣ ಬಳಿಯೋನು ಸಿಕ್ಕಿದ, ಫೋಟೋ ಹೊಡೆಯೋನೂ ಸಿಕ್ಕಿದ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮಾತ್ರ ‘ಆಮೇಲೆ’ ಅಂತೀಯಲ್ಲ! ನಿನ್ನ ‘ಆಮೇಲೆ’ಯನ್ನ ನಿನ್ನ ಎಸ್ಸೆಸ್ಸೆಲ್ಸಿ ಕಾಲದಿಂದ ನೋಡ್ತಾ ಬಂದಿದ್ದೀನಿ.

‘ನಮ್ಮ ಮನೆ, ನಮ್ಮಿಷ್ಟ, ಸರ್ಕಾರಕ್ಕೇನು?’ ಅಂತ ಮೊನ್ನೆ ಹಾರಾಡಿದೆ. ದುಡ್ಡು ಇಸಕೊಂಡ ರಾತ್ರಿ ಅದು ನಿನ್ನೊಬ್ಬನ ಮನೆಯಲ್ಲಪ್ಪ. ಯಾರೋ ಹೆತ್ತ ಮಕ್ಕಳು ಅಲ್ಲಿ ಮಲಗಿರ್ತಾರೆ. 2024ರ ನವೆಂಬರಲ್ಲಿ ಮಂಗಳೂರು ಪಕ್ಕದ ಉಚ್ಚಿಲದ ರೆಸಾರ್ಟಿಗೆ ಹೋದ ಮೈಸೂರಿನ ಮೂವರು ಹುಡುಗಿಯರು ಅಲ್ಲಿನ ಈಜುಕೊಳದಲ್ಲೇ ಮುಳುಗಿಹೋದರು. ಕಾಯೋಕೆ ಜೀವರಕ್ಷಕ ಇರಲಿಲ್ಲ. ಲೈಸೆನ್ಸು ಅಮಾನತು, ಬಂಧನ ಎಲ್ಲ ಆದದ್ದು ಜೀವ ಹೋದ ಮೇಲೆ. ನೀನೂ ಕೊಳ ಕಟ್ಟಿಸ್ತೀನಿ ಅಂತೀಯ. ಕಾವೇರಿ ಹರಿಯೋ ಊರಲ್ಲಿ ಇದೊಂದು ಶೋಕಿ! ಮೊದಲು ಗೀಸರಿನ ವೈರು ನೋಡಿಸು. ಮಳೆಗಾಲದಲ್ಲಿ ಬಂದೋರನ್ನ ಹೊಳೆಗೆ ಇಳಿಸಬೇಡ, ಎಷ್ಟೇ ಗೋಗರೆಯಲಿ.

ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆ ಓದಿದೀಯಾ? ಮನೆಯವರು ಅದೇ ಮನೇಲಿ ವಾಸ ಇರಬೇಕು. ಬಾಡಿಗೆಗೆ 6 ಕೋಣೆ, 12 ಹಾಸಿಗೆ ಮೀರೋ ಹಾಗಿಲ್ಲ. ನನಗಂತೂ ಇದರಲ್ಲಿ ವಾಸ ಇರಬೇಕು ಅನ್ನೋದೇ ಮುಖ್ಯ. ನೀನು ಬೆಂಗಳೂರಲ್ಲಿ ಕೂತು, ಬೀಗದ ಕೈ ಅಡುಗೆ ಹುಡುಗನ ಕೈಲಿಟ್ಟರೆ ಅದು ಲಾಡ್ಜು, ಹೆಸರು ಏನಾದರೂ ಇಟ್ಟುಕೋ. ರಾತ್ರಿ ಹನ್ನೊಂದಕ್ಕೆ ಗಲಾಟೆ ಎದ್ದರೆ ಆ ಹುಡುಗ ಯಾರಿಗೆ ಹೇಳಬೇಕು? ಹೆಣ್ಣುಮಕ್ಕಳು ಬಂದಿಳಿದಾಗ ಮನೇಲಿ ಒಬ್ಬ ಹೆಂಗಸಿದ್ದರೆ ಅವರ ಮುಖವೇ ಬೇರೆ ಆಗುತ್ತೆ.

ರಿಜಿಸ್ಟರಲ್ಲಿ ಹೆಸರು, ಊರು, ಗುರುತಿನ ಚೀಟಿ ಬರೆಸು. ಹಾಸನಾಂಬೆ ಬಾಗಿಲು ತೆಗೆಯೋ ದಿನಗಳಲ್ಲಿ ಜಾಗ ಸಿಗದೆ ಜನ ಒದ್ದಾಡ್ತಾರೆ. ಆಗ ಮೂರು ಪಟ್ಟು ಸುಲಿದು, ಹೆಸರೂ ಕೇಳದೆ ಒಳಗೆ ಬಿಡೋ ಚಾಳಿ ನಿನಗೆ ಬೇಡ. ಶ್ರವಣಬೆಳಗೊಳಕ್ಕೆ ಬಂದ ವಿದೇಶದವರು ನಿನ್ನಲ್ಲಿ ತಂಗಿದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಹೋಗಬೇಕು. ಅಲ್ಲಿನ 2018ರ ಮಹಾಮಸ್ತಕಾಭಿಷೇಕ ಕಂಡಿದ್ದೀಯ, ಮುಂದಿನದು 2030ಕ್ಕೆ. ಅಷ್ಟರಲ್ಲಿ ಹೆಸರು ಗಳಿಸಿಕೋ.

ಇಲಾಖೆಯವರೇನು ದೇವರಲ್ಲ, ನೋಂದಣಿಗೆ ಅಲೆಸ್ತಾರೆ. ಅಲೆ. ಚನ್ನರಾಯಪಟ್ಟಣದಲ್ಲಿ ಯಾರೋ ಕಾಗದವಿಲ್ಲದೆ ನಡೆಸ್ತಿದ್ದಾನೆ, ಹೊಳೆನರಸೀಪುರದಲ್ಲಿ ಇನ್ಯಾರೋ ಅಂತ ನನಗೆ ಲೆಕ್ಕ ಒಪ್ಪಿಸಬೇಡ. ಸೋಮವಾರ ಆಧಾರು, ಮನೆ ಖಾತೆ ಹಿಡಿದುಕೊಂಡು ಹಾಸನಕ್ಕೆ ನಡಿ. ನಾನೂ ಬರ್ತೀನಿ, ಬಸ್ ಚಾರ್ಜು ನಿನ್ನದು.