ತಂತಿಗೆ ಚುಚ್ಚಿಟ್ಟ ಕಾಗದಗಳನ್ನು ಉಳಿಸುವುದು ಹೇಗೆ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಹಳೆಯ ಮನೆ ಕೆಡವುವಾಗ ಆಸ್ತಿಪತ್ರಗಳು ಕಪಾಟು ಸೇರುತ್ತವೆ, ಬೊಂಬಾಯಿಯ ಹೋಟೆಲಿನಿಂದ ಬಂದ ಕಾರ್ಡುಗಳು ಬಚ್ಚಲೊಲೆ ಸೇರುತ್ತವೆ. ‘ಎಂತ ಇತ್ತ್ ಅದ್ರಗೆ? ಮಳೆ ಬಂತು, ಗಂಟಿ ಕರು ಹಾಕಿತು, ಅಷ್ಟೇ’ ಎಂಬುದು ಸುಡುವವರ ವಾದ. ಆದರೆ ಆಸ್ತಿಪತ್ರದ ನಕಲು ನೋಂದಣಿ ಕಚೇರಿಯಲ್ಲಿ ಸಿಕ್ಕೀತು. ಮುಡಿ ಅಕ್ಕಿಗೆ ಆ ವರ್ಷ ಎಷ್ಟಿತ್ತು, ಮನಿಯಾರ್ಡರಿನ ಹಣ ಯಾವ ಸಾಲಕ್ಕೆ ಹೋಯಿತು, ಓದು ಬಾರದ ತಾಯಿ ಮಗನಿಗೆ ಏನೆಂದು ಬರೆಸಿದಳು ಎಂಬುದಕ್ಕೆ ಎರಡನೆಯ ಪ್ರತಿ ಎಲ್ಲೂ ಇಲ್ಲ. ಆದ್ದರಿಂದ ‘ಮುಖ್ಯವಾದವು’ ಎಂದು ನಾಲ್ಕನ್ನು ಆರಿಸಿ ಉಳಿದವನ್ನು ಎಸೆಯಬಾರದು. ಮನಿಯಾರ್ಡರ್ ಫಾರಂ ಅಡಿಯ ತುಂಡಿನಲ್ಲಿ ಬರೆದ ಎರಡು ಸಾಲೂ ಕಾಗದವೇ.

ತಂತಿಗೆ ಚುಚ್ಚಿದ ಕಟ್ಟಿನಲ್ಲಿ ಸಾಮಾನ್ಯವಾಗಿ ಅಡಿಯದು ಹಳೆಯದು, ಮೇಲಿನದು ಹೊಸದು. ಈ ಕ್ರಮವೂ ಒಂದು ಸಾಕ್ಷಿ. ಬಿಡಿಸುವ ಮೊದಲು ಇಡೀ ಕಟ್ಟಿನ ಫೋಟೊ ತೆಗೆದು, ಒಂದೊಂದರ ಹಿಂಬದಿಯ ಮೂಲೆಯಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ತಾರೀಖಿಲ್ಲದಿದ್ದರೆ ಅಂಚೆ ಮುದ್ರೆ ನೋಡಿ, ಅದು ಮಾಸಿದ್ದರೆ ವಿಳಾಸ ನೋಡಿ. ಇನ್‌ಲ್ಯಾಂಡ್ ಪತ್ರ 1950ಕ್ಕಿಂತ ಹಿಂದಿನದಾಗಲಾರದು. ‘ನಯಾ ಪೈಸೆ’ 1957ರ ಏಪ್ರಿಲ್‌ನಿಂದ ಆಚೆಗಿನದು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ‘ಉಡುಪಿ ಜಿಲ್ಲೆ’ ಆದದ್ದು 1997ರಲ್ಲಿ. ಇಲ್ಲೊಂದು ಎಚ್ಚರ ಬೇಕು: ಹೊಸ ಹೆಸರು ಇದ್ದರೆ ಕಾಗದ ಅದಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ, ಹಳೆಯ ಹೆಸರು ಇದ್ದ ಮಾತ್ರಕ್ಕೆ ಕಾಲ ಖಚಿತವಲ್ಲ. ದಕ್ಷಿಣ ಕನ್ನಡದಿಂದ ಜಿಲ್ಲೆ ಬೇರೆಯಾದ ಮೇಲೂ ಅಭ್ಯಾಸಬಲದಿಂದ ‘ದ.ಕ.’ ಎಂದೇ ಬರೆದವರಿದ್ದಾರೆ. ಸಂವತ್ಸರದ ಹೆಸರೂ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ನಮ್ಮ ಕರಾವಳಿಯಲ್ಲಿ ಕಾಗದದ ದೊಡ್ಡ ಶತ್ರು ಥಂಡಿ. ಮಳೆಗಾಲದಲ್ಲಿ ಕಟ್ಟು ಬಿಚ್ಚಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆ ಈ ಕೆಲಸಕ್ಕೆ ಒಳ್ಳೆಯದು. ನೆರಳಿನಲ್ಲಿ ಹರಡಿ, ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದು, ತುಕ್ಕು ಹಿಡಿದ ಗುಂಡುಸೂಜಿಗಳನ್ನು ಕಾಗದ ಹರಿಯದಂತೆ ಬಿಡಿಸಿ. ಬಿಸಿಲಿಗಿಟ್ಟರೆ ಶಾಯಿ ಮಾಸುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಗಟ್ಟಿ ಅಕ್ಷರಕ್ಕೇ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆದರೆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಕಾಗದದೊಳಗಿನ ಆಮ್ಲವೂ ಒಳಗೇ ಉಳಿಯುತ್ತದೆ. ಆಮ್ಲರಹಿತ ಕಾಗದದ ಫೋಲ್ಡರ್ ಉತ್ತಮ. ಸಿಗದಿದ್ದರೆ ತೊಳೆದು ಚೆನ್ನಾಗಿ ಒಣಗಿಸಿದ ಬಿಳಿ ಹತ್ತಿ ಬಟ್ಟೆ ಸಾಕು. ಪೆಟ್ಟಿಗೆಯನ್ನು ನೆಲದ ಮೇಲೂ ಮಳೆ ಬಡಿಯುವ ಹೊರಗೋಡೆಗೆ ತಾಗಿಸಿಯೂ ಇಡಬೇಡಿ. ಒರಲೆ ಬಂದಿದೆಯೇ ಎಂದು ಆಗಾಗ ತೆರೆದು ನೋಡಿ.

‘ಮೊಬೈಲಿನಲ್ಲಿ ಫೋಟೊ ಇದೆ, ಮತ್ತೆ ಕಾಗದ ಯಾಕೆ?’ ಎನ್ನುವವರಿದ್ದಾರೆ. ಮೊಬೈಲಿನ ಆಯಸ್ಸು ಪೋಸ್ಟ್ ಕಾರ್ಡಿನದಕ್ಕಿಂತ ಕಡಿಮೆ. ಚಿತ್ರದಲ್ಲಿ ಸರಿಯಾಗಿ ಕಾಣದ ಸಾಲನ್ನು ಮೂಲದಲ್ಲೇ ಓದಬೇಕು. ಹಾಗೆಂದು ಫೋಟೊ ಬೇಡವೆಂದಲ್ಲ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ವಿಳಾಸದ ಬದಿಯೂ ಸೇರಿ ಎರಡೂ ಬದಿ ತೆಗೆಯಿರಿ. ಕಡತಕ್ಕೆ ವರ್ಷ, ಬರೆದವರು, ಪಡೆದವರು ಎಂಬ ಕ್ರಮದಲ್ಲಿ ಹೆಸರಿಟ್ಟು ಎರಡು ಬೇರೆ ಮನೆಗಳಲ್ಲಿ ಪ್ರತಿ ಇಡಿ. ಅಕ್ಷರಕ್ಕಿಳಿಸುವಾಗ ಕುಂದಾಪ್ರ ಕನ್ನಡವನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಒಕ್ಕಣೆ ತುಂಬ ‘ತೀರ್ಥರೂಪ’, ‘ಸಾಷ್ಟಾಂಗ’ ಎಂದು ಗಂಭೀರವಾಗಿ ಸಾಗಿದ ಕಾಗದ ಗದ್ದೆಯ ಸುದ್ದಿಗೆ ಬಂದೊಡನೆ ಮನೆಮಾತಿಗೆ ಜಾರುವುದು ಬರೆಸಿದವರ ದನಿ. ಓದಲಾಗದ ಪದವನ್ನು ಊಹಿಸದೆ ಖಾಲಿ ಬಿಟ್ಟು, ಮನೆಯ ಹಿರಿಯರಿಗೆ ತೋರಿಸಿ.

ಕಾಗದಗಳನ್ನು ಇತರರೊಡನೆ ಹಂಚಿಕೊಳ್ಳುವುದಕ್ಕೆ ಗಟ್ಟಿಯಾದ ಆಕ್ಷೇಪವಿದೆ: ಸಾಲ, ಕಾಯಿಲೆ, ಮುರಿದ ಸಂಬಂಧ, ದಾಯಾದಿ ಜಗಳ ಬಯಲಾಗುತ್ತದೆ. ಈ ಹೆದರಿಕೆ ಸುಳ್ಳಲ್ಲ. ಆದರೆ ಅದು ಎಲ್ಲವನ್ನೂ ಸುಡಲು ಕಾರಣವಲ್ಲ, ಕೆಲವನ್ನು ತಡೆದಿಡಲು ಕಾರಣ. ಬದುಕಿರುವವರ ಹೆಸರಿರುವ ಕಾಗದಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ಎಂದಿನವರೆಗೆ ತೆರೆಯಬಾರದೆಂದು ಮೇಲೆ ಬರೆಯಿರಿ. ಅಚ್ಚು ಹಾಕಿಸುವುದಾದರೆ ಕಾನೂನನ್ನೂ ನೆನಪಿಡಿ: ಕಾಗದ ಪಡೆದವರದಾದರೂ ಅದರ ಕೃತಿಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಪಾಲಿನ ಹೊತ್ತಿಗೆ ಕಟ್ಟನ್ನು ಒಡೆದು ಹಂಚಿಕೊಳ್ಳಬಾರದು. ಮೂಲ ಒಬ್ಬರಲ್ಲಿ, ಪ್ರತಿ ಎಲ್ಲರಲ್ಲಿ ಇರಲಿ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಗೆ ಕೊಡುವ ಯೋಚನೆಯಿದ್ದರೆ, ಅವರು ಸ್ವೀಕರಿಸುವರೇ, ಓದಲು ಯಾರಿಗೆ ಅವಕಾಶ ಕೊಡುವರು, ಮನೆಯವರಿಗೆ ಪ್ರತಿ ಸಿಗುವುದೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.